ಜಠರದ ಒಳಪೊರೆ ‘ಬೆಳೆಯುತ್ತದೆಯೋ’, ‘ಬಲಿಯುತ್ತದೆಯೋ’?

ಪ್ರಶ್ನೆ: ಮೊಲೆಯುಣ್ಣುವ ಇಲಿಮರಿಗಳ ಜಠರದ ಬಗ್ಗೆ ಅನುವಾದಿಸುತ್ತಾ ‘ಹೈಡ್ರೊಕಾರ್ಟಿಸೋನ್ ಚುಚ್ಚಿದರೆ ಒಳಪೊರೆಯ ಬೆಳವಣಿಗೆ ಬೇಗ ಆಗುತ್ತದೆ, ಗ್ಯಾಸ್ಟ್ರಿನ್ ಚುಚ್ಚಿದರೆ ಬೆಳವಣಿಗೆ ಆಗುವುದಿಲ್ಲ’ ಎಂದು ಬರೆದಿದ್ದೇನೆ (ಹೈಡ್ರೊಕಾರ್ಟಿಸೋನ್ ಅಡ್ರಿನಲ್ ಗ್ರಂಥಿಯ ಹಾರ್ಮೋನು, ಗ್ಯಾಸ್ಟ್ರಿನ್ ಜಠರದ ಹಾರ್ಮೋನು). ಎರಡೂ ಕಡೆ ‘ಬೆಳವಣಿಗೆ’ ಸರಿಯೇ? ಒಳಪೊರೆಯನ್ನು ‘ಲೋಳೆಪೊರೆ’ ಎನ್ನಬಹುದೇ?

ಉತ್ತರ: ಸರಿಯಲ್ಲ. ಮೊದಲನೆಯದು ಬಲಿಯುವುದು, ಎರಡನೆಯದು ಬೆಳೆಯುವುದು. ಎಳೆ ಬೆಂಡೆ ಉದ್ದವಾಗುವುದು ಬೇರೆ, ಬಲಿತು ನಾರಾಗುವುದು ಬೇರೆ ತಾನೆ? ಹುಟ್ಟಿದ ಇಲಿಮರಿಯ ಜಠರದಲ್ಲಿ ಪೆಪ್ಸಿನೋಜೆನ್ (ಪ್ರೋಟೀನು ಅರಗಿಸುವ ಪೆಪ್ಸಿನ್ ಕಿಣ್ವದ ಮೂಲರೂಪ) ತೀರಾ ಕಡಿಮೆ. ಎರಡನೆಯ ವಾರದ ಕೊನೆಗೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನು ಕಾರ್ಟಿಕೊಸ್ಟೆರಾನ್ ರಕ್ತದಲ್ಲಿ ಏರತೊಡಗುತ್ತದೆ. ಮೂರನೆಯ ವಾರ, ಮರಿ ಮೊಲೆ ಬಿಟ್ಟು ಕಾಳು ಕಡಿಯಲು ಕಲಿಯುವ ಹೊತ್ತಿಗೆ, ಪೆಪ್ಸಿನೋಜೆನ್ ಕೂಡ ಏರುತ್ತದೆ. ಅಡ್ರಿನಲ್ ತೆಗೆದರೆ ಈ ಏರಿಕೆ ಹಿಂದೆ ಬೀಳುತ್ತದೆ. ಕಾರ್ಟಿಕೊಸ್ಟೆರಾನಿನ ಬಗೆಯದೇ ಆದ ಹೈಡ್ರೊಕಾರ್ಟಿಸೋನನ್ನು ಮೊದಲೇ ಕೊಟ್ಟರೆ ಮುಂಚೆಯೇ ಬರುತ್ತದೆ. ಇಲ್ಲಿ ಜೀವಕೋಶಗಳು ಹೆಚ್ಚಿದವು ಎನ್ನುವುದು ಮುಖ್ಯವಲ್ಲ, ಕೆಲಸ ಕಲಿತವು ಎನ್ನುವುದು ಮುಖ್ಯ. ಆದ್ದರಿಂದ ‘ಅವಧಿಗೆ ಮೊದಲೇ ಬಲಿಯುತ್ತದೆ’ ಎನ್ನಿ. ‘ಅಕಾಲ ಪಕ್ವತೆ’ ಎಂದರೆ ಏನೋ ರೋಗದಂತೆ ಕೇಳಿಸುತ್ತದೆ.

ಗ್ಯಾಸ್ಟ್ರಿನ್ ವಿಷಯ ಹಾಗಲ್ಲ. ದೊಡ್ಡ ಇಲಿಯಲ್ಲಿ ಅದು ಆಮ್ಲವನ್ನೂ ಸುರಿಸುತ್ತದೆ, ಒಳಪೊರೆಯ ಜೀವಕೋಶಗಳನ್ನೂ ಹೆಚ್ಚಿಸುತ್ತದೆ; ಇದು ನಿಜಕ್ಕೂ ಬೆಳವಣಿಗೆ. ಎಳೆಮರಿಯಲ್ಲಿ ಫಲ ಕಾಣದಿರುವುದಕ್ಕೆ ಕಾರಣ, ಅದನ್ನು ಹಿಡಿದುಕೊಳ್ಳುವ ಜೀವಕೋಶದ ಗ್ರಾಹಿಗಳು (ರಿಸೆಪ್ಟರ್) ಸುಮಾರು ಮೂರು ವಾರದವರೆಗೆ ಮೂಡಿರುವುದಿಲ್ಲ. ಕಾರ್ಟಿಕೊಸ್ಟೆರಾನ್ ಕೊಟ್ಟರೆ ಅವೂ ಬೇಗ ಮೂಡುತ್ತವೆ. ಅಂದರೆ ಬಲಿತ ಮೇಲೆಯೇ ಈ ಬೆಳೆಸುವ ಹಾರ್ಮೋನು ನಾಟುತ್ತದೆ. ನಿಮ್ಮ ವಾಕ್ಯದಲ್ಲಿ ಈ ಕೊಂಡಿಯೇ ಕಳೆದುಹೋಗಿದೆ. (‘ಗ್ರಾಹಕ’ ಪಠ್ಯಪುಸ್ತಕದಲ್ಲಿದೆ, ಆದರೆ ಓದುಗರಿಗೆ ಅಂಗಡಿಯ ಗಿರಾಕಿ ನೆನಪಾದಾನು!)

ಇಲಿಯ ಕಾರ್ಟಿಕೊಸ್ಟೆರಾನನ್ನು ‘ಕಾರ್ಟಿಸಾಲ್’ ಎಂದು ತಿದ್ದಬೇಡಿ. ಮನುಷ್ಯರಲ್ಲಿ ಮುಖ್ಯವಾದದ್ದು ಕಾರ್ಟಿಸಾಲ್, ಇಲಿಯಲ್ಲಿ ಕಾರ್ಟಿಕೊಸ್ಟೆರಾನ್. ಹಾಗೆಯೇ ಪೆಪ್ಸಿನೋಜೆನ್ ಬರೆಯಬೇಕಾದಲ್ಲಿ ಪೆಪ್ಸಿನ್ ಬೇಡ. ಜೀವಕೋಶ ಕೂಡಿಡುವುದು ಮೊದಲನೆಯದನ್ನು. ಆಮ್ಲ ತಗಲಿದ ಮೇಲಷ್ಟೇ ಅದು ಕಿಣ್ವವಾಗುತ್ತದೆ.

‘ಲೋಳೆಪೊರೆ’ ನಡೆಯುತ್ತದೆ, ಆದರೆ ‘ಜೀವಕೋಶದ ಪೊರೆ’ಯೂ ಅದೇ ಪುಟದಲ್ಲಿ ಬಂದರೆ ಗೊಂದಲ. ಜಠರದ ಈ ಪದರ ತೆಳು ಹಾಳೆಯಲ್ಲ, ಗ್ರಂಥಿಗಳು ಒತ್ತಾಗಿ ನಿಂತ ದಪ್ಪ ಪದರ. ಅಂಥ ಕಡೆ ‘ಜಠರದ ಒಳಪದರ’ ಹಾಕಿ.