ಬಿಪಿ 152/98 ಬಂದಿದೆ, ಮಾತ್ರೆ ಶುರು ಮಾಡಲೇ? ಶಿಕ್ಷಕರು ಅನುಭವ ಹೇಳಿ

ಹೈಸ್ಕೂಲ್ ಟೀಚರ್, ತುಮಕೂರು: ವಯಸ್ಸು 44. ಕ್ಯಾಂಪಲ್ಲಿ ನೋಡಿಸಿದಾಗ 152/98, ಡಾಕ್ಟರ ಹತ್ತಿರ ಹೋದಾಗಲೂ ಹೆಚ್ಚುಕಡಿಮೆ ಅಷ್ಟೇ. ಟೆಲ್ಮಿಸಾರ್ಟನ್ 40 ಬರೆದಿದ್ದಾರೆ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಒಮ್ಮೆ ಶುರು ಮಾಡಿದರೆ ಬಿಡೋ ಹಾಗಿಲ್ಲ ಅಂತಾರೆ. ಏನು ಮಾಡಲಿ?

ಮಾಸ್ತರ, ಧಾರವಾಡ: ಅಕ್ಕೋರ, ಮೊದಲ ನನ್ನ ಬಿಲ್ ಕೇಳ್ರಿ. ಸಮೀಕ್ಷೆ ಡ್ಯೂಟಿ ಮುಗಿಸಿ ಬಂದ ರಾತ್ರಿ ಎದಿ ಉರದ್ಹಂಗ ಆತು. ಗ್ಯಾಸ್ ಇರಬೇಕಂತ ಮನ್ಯಾಗ ಸೋಡಾ ಕೊಟ್ರು. ಬೆಳಕ ಹರಿಯೂದ್ರಾಗ ಎಡಗೈ ಜೋಮು, ಮೈಯೆಲ್ಲಾ ಬೆವರು. ಹತ್ತಿರದ ಖಾಸಗಿ ದವಾಖಾನ್ಯಾಗ ಹೃದಯದ ನಾಳಕ್ಕ ಒಂದು ಸ್ಟೆಂಟ್ ಹಾಕಿದ್ರು. ಸ್ಟೆಂಟಿಗೆ ಸರಕಾರ 2017ರಾಗ ರೇಟ್ ಕಟ್ಟೇತಿ, ಆಗ ಮೂವತ್ತು ಸಾವಿರದ ಆಸುಪಾಸು ಇತ್ತು. ಆದ್ರ ಬಲೂನು, ವೈರು, ಕ್ಯಾಥ್‌ಲ್ಯಾಬು, ಐಸಿಯು, ಕಡೀಕ ಕೈಗವಸಿಗೂ ರೊಕ್ಕ! ಒಟ್ಟು 1,86,400. ಆ ದವಾಖಾನಿ ಸರಕಾರಿ ನೌಕರರ ಜ್ಯೋತಿ ಸಂಜೀವಿನಿ ಯೋಜನೆ ಪಟ್ಟ್ಯಾಗ ಇರಲಿಲ್ಲ. ಬಿಲ್ ಹಾಕಿದ್ರ 92 ಸಾವಿರ ಮಂಜೂರಾತು, ಅದೂ ಡಿಸ್ಚಾರ್ಜ್ ಕಾಗದದಾಗ 'ತುರ್ತು' ಅಂತ ಬರದಿಲ್ಲಂತ ಹೊಳ್ಳಿ ಕಳಿಸಿದ ಮ್ಯಾಲೆ.

ವಿಜ್ಞಾನ ಟೀಚರ್, ಮೈಸೂರು: ನನಗೆ ಮೊದಲು ಕೊಟ್ಟಿದ್ದು ರಾಮಿಪ್ರಿಲ್ ಅನ್ನೋ ಬಿಪಿ ಮಾತ್ರೆ. ಒಣಕೆಮ್ಮು ಹತ್ತಿಕೊಳ್ತು, ಒಂದು ಪೀರಿಯಡ್ ಪೂರ್ತಿ ಮಾತಾಡೋಕಾಗ್ತಿರಲಿಲ್ಲ. ಇಎನ್‌ಟಿಗೆ 600, ಎಕ್ಸ್‌ರೇ 450, ಸಿರಪ್ಪು 180, ಟಿಬಿ ಇರಬಹುದು ಅಂತ ಕಫ ಪರೀಕ್ಷೆ ಬೇರೆ. ಯಾವ ಮಾತ್ರೆ ತಗೋತಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲ, ಕೊನೆಗೆ ಕೇಳಿದ್ದು ಮೆಡಿಕಲ್ ಶಾಪಿನ ಹುಡುಗ. ಕೆಮ್ಮು ಆ ಮಾತ್ರೆಯಿಂದಲೇ ಬಂದಿದ್ದು. ಆಮೇಲೆ ಆಮ್ಲೋಡಿಪಿನ್. ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಪಟ್ಟಿ ಅಚ್ಚೊತ್ತಿರೋದು. ಈಗ ಟೆಲ್ಮಿಸಾರ್ಟನ್, ಜನೌಷಧಿಯಲ್ಲಿ ತಗೋತೀನಿ. 126/82 ಇದೆ. ಬದಲಾಯಿಸಿ ಅಂತ ಡಾಕ್ಟರ ತಲೆ ತಿಂದೆ, ಆದರೆ ಮಾತ್ರೆ ಬಿಡಲಿಲ್ಲ.

ನಿವೃತ್ತ ಎಚ್‌ಎಂ, ಶಿವಮೊಗ್ಗ: ಎಲ್ಲರೂ ಸೇರಿ ಯಾಕೆ ಹೆದರಿಸ್ತೀರಿ? ನನಗೆ 148 ಇತ್ತು. ಉಪ್ಪಿನಕಾಯಿ, ಹಪ್ಪಳ ಬಂದ್. ಬೆಳಿಗ್ಗೆ ವಾಕಿಂಗು, ಖಾಲಿಹೊಟ್ಟೆಗೆ ಬೆಳ್ಳುಳ್ಳಿ. ಇವತ್ತಿನವರೆಗೆ ಮಾತ್ರೆ ಮುಟ್ಟಿಲ್ಲ.

ಮಾಸ್ತರ, ಧಾರವಾಡ: ಬಳ್ಳೊಳ್ಳಿ ನನ್ನ ಗೆಳೆಯಾನೂ ನುಂಗ್ತಿದ್ದ, ಗುಳಿಗಿ ಬಿಟ್ಟು. ಲಕ್ವಾ ಹೊಡದು ಬಾಯಿ ಸೊಟ್ಟ ಆಗೇತಿ. ನಿಮ್ಮ ಕಾಲದಾಗ ಹುಡುಗರ ಮಾಹಿತಿ ಆನ್‌ಲೈನಿನ್ಯಾಗ ತುಂಬೂ ಸ್ಯಾಟ್ಸ್ ಎಂಟ್ರಿ ಇತ್ತೇನ್ರಿ? ರಾತ್ರಿ ಹತ್ತಕ್ಕ ಗ್ರೂಪಿನ್ಯಾಗ 'ಕೂಡಲೇ ಮಾಹಿತಿ ಕಳುಹಿಸಿ' ಅಂತ ಬರ್ತಿತ್ತೇನ್ರಿ?

ನಿವೃತ್ತ ಎಚ್‌ಎಂ, ಶಿವಮೊಗ್ಗ: ಜನಗಣತಿ ಪೂರ್ತಿ ಕೈಯಲ್ಲೇ ಬರೆದವನು ನಾನು. ನನಗೆ ಪಾಠ ಹೇಳಬೇಡಿ.

ಪ್ರೈವೇಟ್ ಸ್ಕೂಲ್ ಮಿಸ್, ಬೆಂಗಳೂರು: ನೀವಿಬ್ಬರೂ ಪುಣ್ಯವಂತರು ಬಿಡಿ. ನನ್ನ ಸಂಬಳ 14,500. 21 ಸಾವಿರದ ಒಳಗಿದ್ದರೆ ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಸಿಗಬೇಕು, ನಮ್ಮ ಮ್ಯಾನೇಜ್‌ಮೆಂಟ್ ಕಟ್ಟೋದೇ ಇಲ್ಲ. ಎಪಿಎಲ್ ಕಾರ್ಡು, ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರ ಕೊಡೋದು ಚಿಕಿತ್ಸೆ ಪ್ಯಾಕೇಜಿನ ಶೇ. 30 ಮಾತ್ರ. ನೀರಿನಂಶ ಇಳಿಸೋ ಬಿಪಿ ಮಾತ್ರೆ ಕೊಟ್ಟರು, ಶಾಲೆಯಲ್ಲಿ ಹದಿನೆಂಟು ಜನ ಟೀಚರಿಗೆ ಒಂದೇ ಟಾಯ್ಲೆಟ್ಟು, ಅದರ ಕೀಲಿ ಆಫೀಸಲ್ಲಿ. ಆ ಮಾತ್ರೆ ಬದಲಾಯಿಸಿಕೊಳ್ಳೋಕೆ ಮತ್ತೆ ಕನ್ಸಲ್ಟೇಷನ್ 700.

ಹೈಸ್ಕೂಲ್ ಟೀಚರ್, ತುಮಕೂರು: ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡೋ ಹಾರ್ಟ್ ಟೆಸ್ಟ್) ಮಾಡಿಸಬೇಕಾ, ಇಸಿಜಿ ಸಾಕಾ? ಯಾರಾದರೂ ಹೇಳಿ.

ಮಾಸ್ತರ, ಧಾರವಾಡ: ಅದನ್ನ ಡಾಕ್ಟರಿಗೆ ಕೇಳ್ರಿ, ಅಪ್ಪಾರದ್ದೂ ಹೇಳ್ರಿ. ಗುಳಿಗಿ ಇವತ್ತ ಶುರು ಮಾಡ್ರಿ. ಮತ್ತ ಮಿಸ್, ಪುಣ್ಯ ಅಂದ್ರಲ್ಲ, ಬಿಸಿಯೂಟದ ಮೊಟ್ಟಿ ಲೆಕ್ಕ ಬರದೀರೇನು? ಸರಕಾರ ಒಂದಕ್ಕ ಆರು ರೂಪಾಯಿ ಕೊಡತೈತಿ, ಗ್ಯಾಸು, ಸುಲಿಯೂ ಕೂಲಿ ಸೇರಿ. ಅಂಗಡ್ಯಾಗ ಏಳು. ಉಳಿದದ್ದು ಯಾರ ಕಿಸೇದಿಂದ?

ಪ್ರೈವೇಟ್ ಸ್ಕೂಲ್ ಮಿಸ್, ಬೆಂಗಳೂರು: ನಿಮ್ಮ ಮೊಟ್ಟೆ ಲೆಕ್ಕ ನಾನು ಬರೀತೀನಿ, ನಿಮ್ಮ ಸಂಬಳ ನನಗೆ ಕೊಡಿ.

ವಿಜ್ಞಾನ ಟೀಚರ್, ಮೈಸೂರು: ಏಳು ರೂಪಾಯಿ ಎಲ್ಲಿ ಸರ್? ನಮ್ಮಲ್ಲಿ ಹೋಲ್‌ಸೇಲಲ್ಲಿ ತಂದರೆ ಅಷ್ಟಾಗಲ್ಲ. ಲೆಕ್ಕ ಸರಿಯಾಗಿ ಹೇಳಿ.