ಸಾಕಿದ ಹಾವು ಪ್ರಾಯಕ್ಕೆ ಬಂತು ಅಂತ ಗೊತ್ತಾಗೋದು ಹೇಗೆ? ಡಾಕ್ಟ್ರನ್ನ ಕೇಳಿ

ಡಲ್ಲಾಸ್: ನಮಸ್ತೆ ಡಾಕ್ಟ್ರೇ, ಮಗಳು ಬಾಲ್ ಪೈಥಾನ್ ಸಾಕಿದಾಳೆ, ಹೆಣ್ಣು, 11 ತಿಂಗಳು, ಆಗ್ಲೇ 1,600 ಗ್ರಾಂ ಇದೆ. ಮಾರಿದವರು 1,500 ದಾಟಿದ್ರೆ ಅಡಲ್ಟ್, ಗಂಡಿನ ಜೊತೆ ಬಿಡಿ ಅಂದಿದ್ರು, ಅದಕ್ಕೇ ನಾಲ್ಕು ದಿನಕ್ಕೊಂದು ಇಲಿ ಹಾಕ್ತಿದೀವಿ. ಬಿಡ್ಬೋದಾ?

ಡಾಕ್ಟರ್: ದಯವಿಟ್ಟು ಬಿಡ್ಬೇಡಿ ಅಮ್ಮ. 1,500 ಸುಳ್ಳು ಲೆಕ್ಕ ಅಲ್ಲ, ಆದ್ರೆ ಅದು ಎರಡೂವರೆ ಮೂರು ವರ್ಷ ನಿಧಾನವಾಗಿ ಬೆಳೆದ ಹೆಣ್ಣಿನ ಲೆಕ್ಕ. ಗಂಡು ಒಂದೂವರೆ ವರ್ಷಕ್ಕೆ 600-700 ಗ್ರಾಂ ಇದ್ರೂ ಪ್ರಾಯಕ್ಕೆ ಬಂದಿರುತ್ತೆ, ಹೆಣ್ಣಿಗೆ ಹಾಗಲ್ಲ, ಮೊಟ್ಟೆಗೆ ಮೈಯಲ್ಲಿ ಕೂಡಿಟ್ಟಿದ್ದೆಲ್ಲ ಕೊಡ್ಬೇಕು, ಆಮೇಲೆ ಮೊಟ್ಟೆ ಸುತ್ಕೊಂಡು ಸುಮಾರು ಎರಡು ತಿಂಗಳು ಉಪವಾಸ ಕೂರ್ಬೇಕು. ನಿಮ್ಮದು ಬೆಳೆದಿರೋದಲ್ಲ, ಕೊಬ್ಬಿರೋದು ಅಂತ ನನಗೆ ಭಯ. ಲಿವರ್‌ಗೆ ಕೊಬ್ಬು ಕೂತ್ರೆ ಹೊರಗಡೆ ಏನೂ ಕಾಣಲ್ಲ, ಮೊಟ್ಟೆ ಒಳಗೇ ಸಿಕ್ಕಾಕೊಂಡ್ರೆ ಜೀವಕ್ಕೇ ಕುತ್ತು. ಈಗ್ಲೇ ಬೆನ್ನ ಮೇಲೆ ಕೈಯಾಡ್ಸಿ, ಬೆನ್ನೆಲುಬು ಸಣ್ಣ ಏಣಿನ ಥರ ಸಿಗ್ಬೇಕು. ಸುರುಳಿ ಸುತ್ತಿದಾಗ ಹುರುಪೆ ಮಧ್ಯೆ ಚರ್ಮ ಕಾಣುತ್ತಾ, ಬಾಲದ ಹತ್ರ ಮಡಿಕೆ ಬೀಳುತ್ತಾ ನೋಡಿ ಹೇಳಿ.

ಲಂಡನ್: ಕಾರ್ನ್ ಸ್ನೇಕ್ ಎಷ್ಟಡಿಗೆ ಅಡಲ್ಟ್ ಸರ್?

ಡಾಕ್ಟರ್: ಹತ್ರ ಹತ್ರ ಮೂರಡಿ, ಎರಡ್ಮೂರು ವರ್ಷ. ಆಮೇಲೂ ನಿಧಾನವಾಗಿ ಬೆಳೀತಿರುತ್ತೆ.

ಹುಬ್ಬಳ್ಳಿ: ಗ್ರೂಪ್‌ನ್ಯಾಗ ಬಂದಿದ್ದು: ಎಷ್ಟು ಸಲ ಪೊರಿ ಬಿಟ್ಟೈತಿ ಅಷ್ಟು ವರ್ಷ. ಜಲ್ದಿ ಬೆಳಿಲಿಕ್ಕೆ ಹಾಲಿಗೆ ಅರಿಶಿಣ ಕಲಿಸಿ ಕುಡಿಸ್ರಿ.

ಡಾಕ್ಟರ್: ಇದನ್ನ ಯಾರೂ ಮಾಡ್ಬೇಡಿ. ಮರಿ ಒಂದೇ ವರ್ಷದಲ್ಲಿ ಎಷ್ಟೋ ಸಲ ಪೊರೆ ಬಿಡುತ್ತೆ. ಹಾಲು ಹಾವಿಗೆ ಅರಗಲ್ಲ, ಬಲವಂತವಾಗಿ ಬಾಯಿಗೆ ಹುಯ್ದ್ರೆ ಶ್ವಾಸಕೋಶಕ್ಕೆ ಹೋಗುತ್ತೆ, ಸಾಯುತ್ತೆ. ಬಂದಿದ್ದನ್ನೆಲ್ಲ ಇಲ್ಲಿಗೆ ತಂದು ಸುರೀಬೇಡಿ.

ಹುಬ್ಬಳ್ಳಿ: ನಮ್ಮವ್ವ ನಲವತ್ತು ವರ್ಷದಿಂದ ಪಂಚಮಿಗೆ ಹಾಲೆರ್‍ಯಾಕತ್ತಾಳ್ರಿ. ಅದೂ ತಪ್ಪೇನು?

ಮಂಗಳೂರು: ನಾವು ತನು ಎರೆಯೋದು ನಾಗನ ಕಲ್ಲಿಗೆ ಮಾರಾಯ್ರೆ, ಹಾವಿನ ಬಾಯಿಗಲ್ಲ.

ಹುಬ್ಬಳ್ಳಿ: ನಮ್ಮ ಪದ್ಧತಿ ನೀವು ಕಲಸಬ್ಯಾಡ್ರಿ.

ಮಂಗಳೂರು: ಪದ್ಧತಿ ಯಾರು ಕೇಳಿದ್ರು? ಅರಿಶಿಣ ಹಾಲು ಯಾವ ಪದ್ಧತಿ, ಅದನ್ನು ಹೇಳಿ.

ಮೈಸೂರು: ಅಡ್ಮಿನ್ ಎಲ್ಲಿದ್ದೀರಾ? ಹಾವಿನ ವಿಷಯ ಬಿಟ್ಟು ಜಗಳ ಆಯ್ತು.

ನ್ಯೂಜೆರ್ಸಿ: ನನ್ನ ಹಾಗ್‌ನೋಸ್ ಎರಡು ವಾರದಿಂದ ತಿಂತಿಲ್ಲ, ಪ್ರಾಯಕ್ಕೆ ಬಂದಿದ್ದಕ್ಕಾ?

ತುಮಕೂರು: ತೋಟದಲ್ಲಿ ಹೆಬ್ಬಾವಿನ ಮರಿ ಸಿಕ್ತು, ಡ್ರಮ್ಮಲ್ಲಿ ಇಟ್ಟಿದೀನಿ, ದೊಡ್ಡದಾಗೋಕೆ ಎಷ್ಟು ವರ್ಷ ಸಾರ್?

ಡಾಕ್ಟರ್: ಈಗ್ಲೇ ಅರಣ್ಯ ಇಲಾಖೆಗೆ ಫೋನ್ ಮಾಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಲಿದೆ ಅದು, ಮನೇಲಿ ಇಟ್ಕೊಳ್ಳೋದೇ ಅಪರಾಧ.

ಬೆಂಗಳೂರು: ಸರ್ ನಂದೂ ಬಾಲ್ ಪೈಥಾನ್, ಗಂಡು, ಎಷ್ಟು ಗ್ರಾಂಗೆ ಅಡಲ್ಟ್?

ಡಾಕ್ಟರ್: ಮೇಲಿದೆ, ಓದಿ. ವಿದೇಶಿ ಹಾವು ಅದು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡ್ಸಿದೀರಾ?

ಲಂಡನ್: ಹಾಗಾದ್ರೆ ಎರಡೂವರೆ ಅಡಿ ಇದ್ರೆ ಇನ್ನೂ ಮರೀನಾ?

ಡಾಕ್ಟರ್: ವಯಸ್ಸು, ತೂಕ, ಉದ್ದ ಮೂರೂ ಸೇರಿಸಿ ನೋಡ್ಬೇಕು. ಒಂದೇ ಪ್ರಶ್ನೆ ತಿರುಗಾ ಮುರುಗಾ ಕೇಳ್ಬೇಡಿ.

ಡಲ್ಲಾಸ್: ಡಾಕ್ಟ್ರೇ, ನೋಡಿದ್ವಿ. ಬೆನ್ನೆಲುಬು ಕೈಗೆ ಸಿಗ್ತಾನೇ ಇಲ್ಲ, ಹಿಟ್ಟಿನ ಮುದ್ದೆ ಥರ ಮೆತ್ತಗಿದೆ. ಸುತ್ಕೊಂಡಾಗ ಹುರುಪೆ ಮಧ್ಯೆ ಬಿಳಿ ಗೆರೆ ಕಾಣುತ್ತೆ. ಮಗಳು ಅಳ್ತಿದಾಳೆ.

ಡಾಕ್ಟರ್: ಅಳೋದು ಬೇಡ ಅನ್ನಿ, ಟೈಮಿದೆ. ಊಟ ಪೂರ್ತಿ ನಿಲ್ಲಿಸ್ಬೇಡಿ, ಸದ್ಯಕ್ಕೆ ಎರಡು ವಾರಕ್ಕೊಂದು ಸಣ್ಣ ಇಲಿ ಸಾಕು. ಗಂಡಿನ ಮಾತು ಇನ್ನೆರಡು ವರ್ಷ ಎತ್ಬೇಡಿ. ಈ ವಾರವೇ ಹಾವು ನೋಡೋ ಡಾಕ್ಟ್ರ ಹತ್ರ ಸ್ಕ್ಯಾನ್ ಮಾಡ್ಸಿ, ಲಿವರ್ ಹೇಗಿದೆ, ಮೊಟ್ಟೆಕೋಶ ಬೆಳೀತಿದ್ಯಾ ಅಂತ ಕೇಳಿ. ರಿಪೋರ್ಟ್ ನನಗೆ ಬೇರೆ ಕಳ್ಸಿ, ಇಲ್ಲಿ ಹಾಕಿದ್ರೆ ಈ ಗಲಾಟೇಲಿ ಕಣ್ಣಿಗೆ ಬೀಳಲ್ಲ.