ಕಮೊಡೋರ್ 64: ಹಿನ್ನೆಲೆ ಕಪ್ಪಾಗಿಸಿದ ಮೇಲೆ ಪೋಕ್ ಮಾಡಿದ ಅಕ್ಷರ ಕಾಣುತ್ತಿಲ್ಲ

ಪ್ರಶ್ನೆ

ನಮಸ್ಕಾರ. ಕಮೊಡೋರ್ 64 ಎಂಬ ಹಳೆಯ ಗಣಕದ ಪ್ರೋಗ್ರಾಂ ಭಾಷೆಯಾದ ಬೇಸಿಕ್‌ನಲ್ಲಿ ಚಿಕ್ಕ ಆಟವೊಂದನ್ನು ಬರೆಯುತ್ತಿದ್ದೇನೆ. ಮೊದಲು 53280 ಮತ್ತು 53281 ಎಂಬ ಮೆಮೊರಿ ವಿಳಾಸಗಳೆರಡಕ್ಕೂ 0 ಪೋಕ್ ಮಾಡಿ (ಅಂದರೆ ನೇರವಾಗಿ ಬರೆದು) ಅಂಚನ್ನೂ ಹಿನ್ನೆಲೆಯನ್ನೂ ಕಪ್ಪಾಗಿಸುತ್ತೇನೆ. ಬಳಿಕ 147ನೇ ಕೋಡನ್ನು ಪ್ರಿಂಟ್ ಮಾಡಿ ಪರದೆ ಒರೆಸಿ, ಪರದೆಯ ಮೊದಲ ಮನೆಯ ವಿಳಾಸವಾದ 1024ಕ್ಕೆ ‘ಎ’ ಅಕ್ಷರದ ಸಂಖ್ಯೆಯಾದ 1 ಪೋಕ್ ಮಾಡುತ್ತೇನೆ. ಈ ಯಂತ್ರವನ್ನು ಅನುಕರಿಸುವ ವೈಸ್ ಎಮ್ಯುಲೇಟರ್‌ನಲ್ಲಿ ಮೇಲಿನ ಎಡಮೂಲೆಯಲ್ಲಿ ತಿಳಿನೀಲಿ ‘ಎ’ ಸರಿಯಾಗಿ ಮೂಡುತ್ತದೆ. ಈಚೆಗೆ ಕೈಗೆ ಬಂದ ಹಳೆಯ ಯಂತ್ರದಲ್ಲಿ ಅದು ಕಾಣುವುದೇ ಇಲ್ಲ, ಆದರೆ ಪ್ರಿಂಟ್ ಮಾಡಿದ ಸಾಲುಗಳು ಮಾತ್ರ ಕಾಣುತ್ತವೆ.

ಇನ್ನೊಂದು ತೊಂದರೆಯೂ ಇದೆ. ಯಂತ್ರ ಆನ್ ಮಾಡಿದಾಗ ಬರುವ ನೀಲಿ ಹಿನ್ನೆಲೆ ಹಾಗೆಯೇ ಇದೆಯೇ ಎಂದು ತಿಳಿಯಲು 53281ನ್ನು ಪೀಕ್ ಮಾಡಿ (ಅಂದರೆ ಅಲ್ಲಿರುವುದನ್ನು ಓದಿ) ನೀಲಿಯ ಸಂಖ್ಯೆಯಾದ 6ರೊಂದಿಗೆ ಹೋಲಿಸಿದರೆ, ಎರಡೂ ಕಡೆ ಹೋಲಿಕೆ ತಪ್ಪುತ್ತದೆ. ವಿಡಿಯೋ ಚಿಪ್ ಕೆಟ್ಟಿರಬಹುದೇ?

ಉತ್ತರ

ಚಿಪ್‌ನ ಮೇಲೆ ಅನುಮಾನ ಬೇಡ. ಮೊದಲು 65408ನ್ನು ಪೀಕ್ ಮಾಡಿ ಬಂದ ಸಂಖ್ಯೆಯನ್ನು ತಿಳಿಸಿ. ಆಮೇಲೆ ಕ್ರಮವನ್ನು ಅದಲುಬದಲು ಮಾಡಿ: ಹಿನ್ನೆಲೆ ಇನ್ನೂ ನೀಲಿಯಾಗಿರುವಾಗಲೇ ಪರದೆ ಒರೆಸಿ, ನಂತರ ಕಪ್ಪಾಗಿಸಿ, ಕೊನೆಗೆ ಅಕ್ಷರ ಪೋಕ್ ಮಾಡಿ.

ಪ್ರಶ್ನೆ ಕೇಳಿದವರಿಂದ

65408ರಲ್ಲಿ 0 ಬಂತು. ಕ್ರಮ ಬದಲಿಸಿದಾಗ ಅಕ್ಷರ ಕಾಣಿಸಿತು, ಆದರೆ ಕಡುನೀಲಿಯಲ್ಲಿ. ಕಪ್ಪಿನ ಮೇಲೆ ಕಣ್ಣು ಕಿರಿದು ಮಾಡಿ ನೋಡಬೇಕಾಯಿತು.

ಉತ್ತರ

ಹಾಗಾದರೆ ಕಾರಣ ಸ್ಪಷ್ಟ. ಪರದೆಯ 40 ಅಂಕಣ, 25 ಸಾಲುಗಳ ಒಂದು ಸಾವಿರ ಮನೆಗಳಿಗೂ 55296ರಿಂದ ಆರಂಭವಾಗುವ ಕಲರ್ ರ್‍ಯಾಮ್‌ನಲ್ಲಿ ಪ್ರತ್ಯೇಕ ಬಣ್ಣವಿರುತ್ತದೆ. 1024ಕ್ಕೆ ಪೋಕ್ ಮಾಡಿದಾಗ ಆ ಮನೆಯ ಅಕ್ಷರ ಮಾತ್ರ ಬದಲಾಗುತ್ತದೆ, ಬಣ್ಣ ಮೊದಲಿದ್ದದ್ದೇ ಉಳಿಯುತ್ತದೆ. ಪ್ರಿಂಟ್ ಆದೇಶ ಎರಡನ್ನೂ ಬರೆಯುವುದರಿಂದ ಆ ಸಾಲುಗಳು ನಿಮಗೆ ಕಂಡವು.

ಪರದೆ ಒರೆಸುವಾಗ ಕಲರ್ ರ್‍ಯಾಮ್‌ಗೆ ಯಾವ ಬಣ್ಣ ತುಂಬಬೇಕೆಂಬುದನ್ನು ಯಂತ್ರದೊಳಗೇ ಇರುವ ಮೂಲ ತಂತ್ರಾಂಶವಾದ ಕರ್ನಲ್ ರೋಮ್‌ನ ಮೂರು ಆವೃತ್ತಿಗಳು ಮೂರು ಬಗೆಯಾಗಿ ತೀರ್ಮಾನಿಸುತ್ತವೆ. ಮೊದಲನೆಯದು ಬಿಳಿ ತುಂಬುತ್ತದೆ. ಎರಡನೆಯದು ಆ ಗಳಿಗೆಯಲ್ಲಿ 53281ರಲ್ಲಿರುವ ಹಿನ್ನೆಲೆಯ ಬಣ್ಣವನ್ನೇ ತುಂಬುತ್ತದೆ. ಮೂರನೆಯದು 646ರಲ್ಲಿರುವ ಅಕ್ಷರದ ಬಣ್ಣವನ್ನು ತುಂಬುತ್ತದೆ. 65408ರಲ್ಲಿ 170 ಬಂದರೆ ಮೊದಲನೆಯದು, 0 ಬಂದರೆ ಎರಡನೆಯದು, 3 ಬಂದರೆ ಮೂರನೆಯದು. ನಿಮ್ಮ ಹಳೆಯ ಯಂತ್ರದಲ್ಲಿರುವುದು ಎರಡನೆಯದು. ವೈಸ್ ತಾನಾಗಿ ಬಳಸುವುದು ಮೂರನೆಯದು. ಅಕ್ಷರ ಅಲ್ಲಿಯೇ ಇತ್ತು, ಕಪ್ಪಿನ ಮೇಲೆ ಕಪ್ಪಾಗಿ.

ಪರಿಹಾರ ಸರಳ. ಅಕ್ಷರ ಪೋಕ್ ಮಾಡಿದ ವಿಳಾಸಕ್ಕೆ 54272 ಕೂಡಿಸಿ, ಅಲ್ಲಿಗೆ ಬೇಕಾದ ಬಣ್ಣದ ಸಂಖ್ಯೆಯನ್ನೂ ಪೋಕ್ ಮಾಡಿ.

ಪೀಕ್‌ನ ವಿಷಯ: 53280, 53281ರಂತಹ ಬಣ್ಣದ ರಿಜಿಸ್ಟರ್‌ಗಳಲ್ಲಿ ಕೆಳಗಿನ ನಾಲ್ಕು ಬಿಟ್‌ಗಳಷ್ಟೇ ಬಳಕೆಯಲ್ಲಿವೆ, ಮೇಲಿನ ನಾಲ್ಕು ಓದುವಾಗ ಯಾವಾಗಲೂ 1 ಆಗಿ ಬರುತ್ತವೆ. ಆದ್ದರಿಂದ ನೀಲಿ ಹಿನ್ನೆಲೆಗೆ 6ರ ಬದಲು 246, ತಿಳಿನೀಲಿ ಅಂಚಿಗೆ 14ರ ಬದಲು 254 ಸಿಗುತ್ತದೆ. 15ರೊಂದಿಗೆ ‘ಆ್ಯಂಡ್’ ಮಾಡಿ ಕೆಳಗಿನ ನಾಲ್ಕು ಬಿಟ್‌ಗಳನ್ನಷ್ಟೇ ಉಳಿಸಿಕೊಂಡು ಹೋಲಿಸಿ.

ಮತ್ತೊಂದು ಉತ್ತರ

ಇದೇ ಆಟವನ್ನು ಮುಂದೆ ಕಮೊಡೋರ್‌ನದೇ ಇನ್ನೊಂದು ಗಣಕವಾದ ವಿಕ್-20ಗೆ ಒಯ್ಯುವುದಾದರೆ ಆ 15ರ ಉಪಾಯವನ್ನು ಜೊತೆಗೆ ಒಯ್ಯಬೇಡಿ. ಅಲ್ಲಿ ಬಿಳಿ ಹಿನ್ನೆಲೆಯೂ ಹಸಿರುನೀಲಿ ಅಂಚೂ 36879 ಎಂಬ ಒಂದೇ ವಿಳಾಸದಲ್ಲಿ, 27 ಎಂಬ ಒಂದೇ ಸಂಖ್ಯೆಯೊಳಗೆ ಸೇರಿಕೊಂಡಿವೆ. ಹಿನ್ನೆಲೆ ಇರುವುದು ಮೇಲಿನ ನಾಲ್ಕು ಬಿಟ್‌ಗಳಲ್ಲಿ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು, ಎರಡೂ ಸರಿಹೋದವು. ಆದರೆ ಸಾವಿರ ಮನೆಗಳಿಗೂ ಬೇಸಿಕ್ ಲೂಪ್‌ನಿಂದ ಬಣ್ಣ ತುಂಬುವುದು ತೀರಾ ನಿಧಾನವಾಗುತ್ತಿದೆ. ಇದಕ್ಕೆ ಬೇರೆ ದಾರಿ ಇದೆಯೇ?

ಉತ್ತರ

ಇದೆ. ಕರ್ನಲ್‌ನ ಆ ವಿಚಿತ್ರ ನಡತೆಯನ್ನೇ ದುಡಿಸಿಕೊಳ್ಳಿ. 646 ಮತ್ತು 53281 ಎರಡಕ್ಕೂ ಬಿಳಿಯ ಸಂಖ್ಯೆಯಾದ 1 ಪೋಕ್ ಮಾಡಿ ಪರದೆ ಒರೆಸಿ, ಆಮೇಲೆ 53281ಕ್ಕೆ 0 ಕೊಡಿ. ಮೂರರಲ್ಲಿ ಯಾವ ಆವೃತ್ತಿ ಇದ್ದರೂ ಕಲರ್ ರ್‍ಯಾಮ್ ತುಂಬ ಬಿಳಿಯೇ ಇರುತ್ತದೆ, ಲೂಪ್ ಬೇಕಾಗುವುದಿಲ್ಲ. ಪರದೆ ಒಂದು ಕ್ಷಣ ಬೆಳ್ಳಗೆ ಮಿಂಚುವುದು ಕಿರಿಕಿರಿ ಎನಿಸಿದರೆ, ಅಂಚನ್ನು ಮೊದಲೇ ಕಪ್ಪಾಗಿಸಿ, 53265ಕ್ಕೆ 11 ಪೋಕ್ ಮಾಡಿ ಪರದೆಯನ್ನು ಮುಚ್ಚಿ. ಆಗ ಇಡೀ ಪರದೆ ಅಂಚಿನ ಬಣ್ಣವನ್ನೇ ತೋರಿಸುತ್ತದೆ. ಕೆಲಸ ಮುಗಿದ ಮೇಲೆ ಅಲ್ಲಿಗೆ 27 ಹಾಕಿ ತೆರೆಯಿರಿ.